ಹೊರಡುವ ಮುನ್ನ, ಮರಳಿದ ಮೇಲೆ: ಮಾನವ ಕಳ್ಳಸಾಗಣೆ ತಡೆಯಲ್ಲಿ ಜನಸಾಮಾನ್ಯರು ಮಾಡಬಹುದಾದದ್ದು

2023ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಆಗ್ನೇಯ ಏಷ್ಯಾದ ಆನ್‌ಲೈನ್ ವಂಚನಾ ಕೇಂದ್ರಗಳ ಕುರಿತು ವರದಿಯೊಂದನ್ನು ಪ್ರಕಟಿಸಿತು. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಮಂದಿ ಮತ್ತು ಕಾಂಬೋಡಿಯಾದಲ್ಲಿ ಸುಮಾರು 1,00,000 ಮಂದಿ ಕಾವಲಿರುವ ಆವರಣಗಳಲ್ಲಿ ಸಿಲುಕಿಕೊಂಡು, ದೂರದ ಅಪರಿಚಿತರನ್ನು ಫೋನು ಮತ್ತು ಕಂಪ್ಯೂಟರ್ ಮೂಲಕ ವಂಚಿಸುವ ಕೆಲಸವನ್ನು ಬಲವಂತಕ್ಕೆ ಮಾಡುತ್ತಿರಬಹುದು ಎಂದು ಅದು ಅಂದಾಜಿಸಿತ್ತು. ಸಂಖ್ಯೆಗಿಂತ ಹೆಚ್ಚು ಯೋಚನೆಗೆ ಹಚ್ಚುವುದು ಅಲ್ಲಿ ಸಿಲುಕಿದವರು ಯಾರು ಎಂಬ ವಿವರ. ಅವರಲ್ಲಿ ಅನೇಕರು ಚೆನ್ನಾಗಿ ಓದಿದವರು, ಕಂಪ್ಯೂಟರ್ ಬಲ್ಲವರು, ಒಂದಕ್ಕಿಂತ ಹೆಚ್ಚು ಭಾಷೆಗಳನ್ನು ಆಡಬಲ್ಲವರು. ಒಳ್ಳೆಯ ಸಂಬಳದ ಕೆಲಸವೊಂದು ಕಾದಿದೆ ಎಂದು ನಂಬಿ, ಮನೆಯವರಿಗೆ ಹೇಳಿ, ತಮ್ಮದೇ ಪಾಸ್‌ಪೋರ್ಟ್ ಹಿಡಿದು ವಿಮಾನ ಹತ್ತಿದವರೂ ಅವರಲ್ಲಿದ್ದರು. ಬಾಗಿಲು ಮುಚ್ಚಿದ್ದು ಅಲ್ಲಿಗೆ ತಲುಪಿದ ಮೇಲೆ.

ಮಾನವ ಕಳ್ಳಸಾಗಣೆಯನ್ನು ತಡೆಯಲು ಸಾಮಾನ್ಯ ಜನ ಏನು ಮಾಡಬಹುದು ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ಈ ವಿವರವನ್ನು ಮರೆಯಬಾರದು. ನಮ್ಮಲ್ಲಿ ಹೆಚ್ಚಿನವರು ಈ ಅಪರಾಧವನ್ನು ಅಪಹರಣವೆಂದೇ ಕಲ್ಪಿಸಿಕೊಂಡಿದ್ದೇವೆ. ಹಾಗಾಗಿ ನೆರವೆಂದರೆ ಬಾಗಿಲು ಒಡೆದು ಬಿಡಿಸಿಕೊಂಡು ಬರುವ ಸಾಹಸ, ಅದು ಪೊಲೀಸರ ಕೆಲಸ, ನಮ್ಮದೇನಿದ್ದರೂ ಮರುಗುವುದಷ್ಟೇ ಎಂಬ ತೀರ್ಮಾನಕ್ಕೆ ಬರುತ್ತೇವೆ. ಆದರೆ ಈ ದಂಧೆ ಬಹುಪಾಲು ನಡೆಯುವುದು ಭರವಸೆ, ಸಾಲ ಮತ್ತು ಒಂಟಿತನಗಳನ್ನು ಬಳಸಿಕೊಂಡು. ಕೆಲಸದ ಭರವಸೆ ಕೊಡುವವರಿಗೆ, ಆ ಭರವಸೆಯನ್ನು ಯಾರೂ ಪರಿಶೀಲಿಸುವುದಿಲ್ಲ ಎಂಬ ಧೈರ್ಯವಿರುತ್ತದೆ. ಆ ಧೈರ್ಯವನ್ನು ಕುಂದಿಸುವುದು ಜನಸಾಮಾನ್ಯರ ಕೈಯಲ್ಲಿದೆ. ಆದ್ದರಿಂದ ಬಿಡುಗಡೆಯ ಕ್ಷಣಕ್ಕಿಂತ ಅದರ ಆಚೀಚೆಗಿನ ಎರಡು ಹೊತ್ತುಗಳಲ್ಲಿ, ಅಂದರೆ ವ್ಯಕ್ತಿ ಮನೆಯಿಂದ ಹೊರಡುವ ಮುನ್ನ ಮತ್ತು ಮರಳಿ ಬಂದ ನಂತರ, ನಮ್ಮ ನೆರವಿಗೆ ಹೆಚ್ಚಿನ ಬೆಲೆಯಿದೆ ಎಂಬುದು ಈ ಲೇಖನದ ನಿಲುವು.

ಮೊದಲಿಗೆ ಅಪರಾಧದ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳಬೇಕು. 2000ದ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅಂಗೀಕರಿಸಿದ, 2003ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಪಲೆರ್ಮೊ ಶಿಷ್ಟಾಚಾರ (ಪ್ರೋಟೋಕಾಲ್) ಎಂಬ ಅಂತರರಾಷ್ಟ್ರೀಯ ಒಪ್ಪಂದವು ಮಾನವ ಕಳ್ಳಸಾಗಣೆಯಲ್ಲಿ ಮೂರು ಅಂಶಗಳನ್ನು ಗುರುತಿಸುತ್ತದೆ. ಜನರನ್ನು ನೇಮಿಸಿಕೊಳ್ಳುವುದು, ಸಾಗಿಸುವುದು ಅಥವಾ ಇರಿಸಿಕೊಳ್ಳುವುದು ಮೊದಲನೆಯದು. ಅದಕ್ಕಾಗಿ ಬೆದರಿಕೆ, ಬಲಪ್ರಯೋಗ, ಮೋಸ ಅಥವಾ ಅಸಹಾಯಕತೆಯ ದುರುಪಯೋಗ ಮಾಡುವುದು ಎರಡನೆಯದು. ಇವೆಲ್ಲವೂ ಶೋಷಣೆಯ ಉದ್ದೇಶದಿಂದ ನಡೆಯುವುದು ಮೂರನೆಯದು. ಹದಿನೆಂಟು ವರ್ಷದೊಳಗಿನವರ ವಿಷಯದಲ್ಲಿ ಎರಡನೆಯ ಅಂಶ ಬೇಕಿಲ್ಲ; ಮಗುವನ್ನು ಶೋಷಣೆಗಾಗಿ ಕರೆದೊಯ್ದರೆ ಸಾಕು, ಮಗು ಒಪ್ಪಿತ್ತು ಎಂಬ ಮಾತಿಗೆ ಬೆಲೆಯಿಲ್ಲ. ಗಡಿ ದಾಟಿರಬೇಕೆಂಬ ನಿಯಮವೂ ಇಲ್ಲ. ಒಂದೇ ಊರಿನಲ್ಲಿ, ಒಂದೇ ಬೀದಿಯಲ್ಲಿ ನಡೆದರೂ ಅದು ಕಳ್ಳಸಾಗಣೆಯೇ. ದಾಖಲೆಯಿಲ್ಲದೆ ಜನರನ್ನು ಹಣಕ್ಕಾಗಿ ಗಡಿ ದಾಟಿಸುವುದು ಬೇರೆಯೇ ಅಪರಾಧ. ಅದು ದಾರಿಯಲ್ಲಿ ಕಳ್ಳಸಾಗಣೆಯಾಗಿ ತಿರುಗುವುದುಂಟು, ಆದರೆ ಎರಡನ್ನೂ ಒಂದೇ ಎಂದು ಭಾವಿಸಿದರೆ ನೆರವಿಗೆ ಅರ್ಹರಾದವರನ್ನೇ ಅಪರಾಧಿಗಳಂತೆ ಕಾಣುವ ಅಪಾಯವಿದೆ.

ವ್ಯಾಪ್ತಿಯ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಅದರ ಸಹಭಾಗಿ ಸಂಸ್ಥೆಗಳು 2022ರಲ್ಲಿ ಪ್ರಕಟಿಸಿದ ಅಂದಾಜು ಹೀಗಿದೆ: 2021ರಲ್ಲಿ ಯಾವುದೇ ಒಂದು ದಿನ ಜಗತ್ತಿನಲ್ಲಿ 2 ಕೋಟಿ 76 ಲಕ್ಷ ಮಂದಿ ಬಲವಂತದ ದುಡಿಮೆಯಲ್ಲಿದ್ದರು, ಅವರಲ್ಲಿ 33 ಲಕ್ಷ ಮಂದಿ ಮಕ್ಕಳು. ಲೈಂಗಿಕ ಶೋಷಣೆಗೆ ಒಳಗಾದವರ ಸಂಖ್ಯೆ ಸುಮಾರು 63 ಲಕ್ಷ. ಉಳಿದವರಲ್ಲಿ ಹೆಚ್ಚಿನವರು ಕಟ್ಟಡ ನಿರ್ಮಾಣ, ಕೃಷಿ, ಕಾರ್ಖಾನೆ, ಮೀನುಗಾರಿಕೆ, ಮನೆಗೆಲಸಗಳಂಥ ದಿನನಿತ್ಯದ ದುಡಿಮೆಯಲ್ಲಿದ್ದವರು. ಬಲವಂತದ ದುಡಿಮೆಯಿಂದ ವರ್ಷಕ್ಕೆ ಸುಮಾರು 23,600 ಕೋಟಿ ಡಾಲರ್ ಅಕ್ರಮ ಲಾಭ ಹುಟ್ಟುತ್ತದೆ ಎಂದು ಅದೇ ಸಂಘಟನೆ 2024ರಲ್ಲಿ ಲೆಕ್ಕ ಹಾಕಿತು. ಬಲವಂತದ ದುಡಿಮೆಯೂ ಕಳ್ಳಸಾಗಣೆಯೂ ಕಾನೂನಿನ ಕಣ್ಣಿಗೆ ಒಂದೇ ಅಲ್ಲವಾದರೂ, ಎರಡೂ ಒಂದರೊಳಗೊಂದು ಹೆಣೆದುಕೊಂಡಿವೆ.

ಹೊರಡುವ ಮುನ್ನದ ಹೊತ್ತಿನ ಬಗ್ಗೆ ವಿವರವಾಗಿ ಹೇಳಬೇಕು, ಏಕೆಂದರೆ ಅಲ್ಲಿ ಒಂದು ಫೋನ್ ಕರೆಯೂ ವರ್ಷಗಳ ನರಕವನ್ನು ತಪ್ಪಿಸಬಲ್ಲದು. ದೂರದ ಊರಿನಲ್ಲೋ ಹೊರದೇಶದಲ್ಲೋ ಕೆಲಸ ಸಿಕ್ಕಿದೆ ಎಂದು ಪರಿಚಯದವರೊಬ್ಬರು ಸಂತೋಷದಿಂದ ಹೇಳಿದಾಗ ಅಭಿನಂದಿಸಿ ಸುಮ್ಮನಾಗುವುದು ಸುಲಭ. ಅನುಮಾನದ ಮಾತಾಡಿದರೆ ಅಸೂಯೆ ಎಂದುಕೊಂಡಾರು ಎಂಬ ಸಂಕೋಚವೂ ಸಹಜ. ಆ ಸಂಕೋಚವನ್ನು ಬದಿಗಿಟ್ಟು, ಅವರ ಪಕ್ಕದಲ್ಲಿ ಕುಳಿತು, ಕೆಲಸದ ವಿವರಗಳನ್ನು ಒಂದೊಂದಾಗಿ ಪರಿಶೀಲಿಸಲು ಜೊತೆಯಾಗುವುದು ನಿಜವಾದ ನೆರವು. ಕಂಪನಿಯ ಫೋನ್ ಸಂಖ್ಯೆಯನ್ನು ಏಜೆಂಟ್ ಕೊಟ್ಟ ಕಾಗದದಿಂದ ತೆಗೆದುಕೊಳ್ಳದೆ ಬೇರೆ ಮೂಲದಿಂದ ಹುಡುಕಿ ಕರೆ ಮಾಡಬೇಕು. ಅಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಯಾರಾದರೊಬ್ಬರೊಂದಿಗೆ, ಅದೂ ಏಜೆಂಟ್ ಪರಿಚಯಿಸದ ಒಬ್ಬರೊಂದಿಗೆ, ಮಾತನಾಡಬೇಕು. ಅನೇಕ ದೇಶಗಳು ಪರವಾನಗಿ ಪಡೆದ ನೇಮಕಾತಿ ಏಜೆಂಟರ ಪಟ್ಟಿಯನ್ನು ಸಾರ್ವಜನಿಕವಾಗಿ ಇಡುತ್ತವೆ. ಆ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಲು ಕೆಲವೇ ನಿಮಿಷ ಸಾಕು, ಆದರೆ ಅಂತರ್ಜಾಲ ಬಳಸಿ ಅಭ್ಯಾಸವಿಲ್ಲದವರಿಗೆ ಅದು ದೊಡ್ಡ ಕೆಲಸವೇ.

ಎಲ್ಲಕ್ಕಿಂತ ಮುಖ್ಯವಾಗಿ ವೀಸಾದ ಬಗೆಯನ್ನು ನೋಡಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ, ಆಮೇಲೆ ಅಲ್ಲೇ ಕೆಲಸದ ವೀಸಾಕ್ಕೆ ಬದಲಾಯಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ಪ್ರಯಾಣವನ್ನು ನಿಲ್ಲಿಸುವುದೇ ಲೇಸು. ಹಾಗೆ ಹೋದವರು ಮರುದಿನದಿಂದಲೇ ಅಕ್ರಮ ಕೆಲಸಗಾರರಾಗುತ್ತಾರೆ, ಪೊಲೀಸರಿಗೆ ದೂರು ಕೊಡಲೂ ಹೆದರುತ್ತಾರೆ, ಆ ಹೆದರಿಕೆಯೇ ಅವರನ್ನು ಕಟ್ಟಿಹಾಕುತ್ತದೆ. ಕೆಲಸದ ಕರಾರು ಅವರು ಓದಬಲ್ಲ ಭಾಷೆಯಲ್ಲಿದೆಯೇ, ಸಂಬಳ ಎಷ್ಟು, ಅದರಲ್ಲಿ ಏನೇನು ಕಡಿತವಾಗುತ್ತದೆ, ಕೆಲಸ ಬಿಡಬೇಕೆನಿಸಿದರೆ ನಿಯಮವೇನು ಎಂಬ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರವಿರಬೇಕು. ಇಂದೇ ನಿರ್ಧರಿಸಿ, ಮನೆಯವರಿಗೂ ಹೇಳಬೇಡಿ ಎಂದು ಆತುರಪಡಿಸುವುದು, ಅರ್ಹತೆಗೆ ತಾಳೆಯಾಗದಷ್ಟು ಸಂಬಳ ಹೇಳುವುದು, ಹೋಗಬೇಕಾದ ದೇಶವನ್ನು ದಾರಿಯ ಮಧ್ಯದಲ್ಲಿ ಬದಲಾಯಿಸುವುದು ಇವೆಲ್ಲ ಕಳ್ಳಸಾಗಣೆಯ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಲಕ್ಷಣಗಳು.

ನೇಮಕಾತಿ ಶುಲ್ಕದ ವಿಷಯಕ್ಕೆ ಬರೋಣ. ಕೆಲಸ ಸಿಗಬೇಕಾದರೆ ಏಜೆಂಟರಿಗೆ ಹಣ ಕೊಡಲೇಬೇಕು ಎಂಬುದು ಎಷ್ಟು ರೂಢಿಯಾಗಿದೆಯೆಂದರೆ, ಅದು ತಪ್ಪೆಂದೇ ಯಾರಿಗೂ ಅನ್ನಿಸುವುದಿಲ್ಲ. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ ಒಡಂಬಡಿಕೆ, ಸಂಖ್ಯೆ 181, ಖಾಸಗಿ ನೇಮಕಾತಿ ಸಂಸ್ಥೆಗಳು ಕೆಲಸಗಾರರಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಶುಲ್ಕ ಪಡೆಯಬಾರದೆಂಬ ತತ್ತ್ವವನ್ನು ಎತ್ತಿಹಿಡಿಯುತ್ತದೆ. ವಿನಾಯಿತಿಗಳಿಗೆ ಅವಕಾಶವಿದ್ದರೂ ಅವು ಸೀಮಿತ. ಈ ತತ್ತ್ವದ ಹಿಂದೆ ಗಟ್ಟಿಯಾದ ಕಾರಣವಿದೆ. ಬಡ್ಡಿಗೆ ಸಾಲ ತಂದು, ಜಮೀನು ಅಡವಿಟ್ಟು, ಒಡವೆ ಮಾರಿ ಹೋದ ವ್ಯಕ್ತಿ, ಅಲ್ಲಿ ಹೇಳಿದ ಕೆಲಸವಿಲ್ಲ, ಹೇಳಿದ ಸಂಬಳವಿಲ್ಲ ಎಂದು ತಿಳಿದ ಮೇಲೂ ಮರಳಿ ಬರುವ ಧೈರ್ಯ ಮಾಡುವುದಿಲ್ಲ. ಆತನನ್ನು ಹಿಡಿದಿಡಲು ಬೀಗ ಬೇಕಿಲ್ಲ, ಸಾಲವೇ ಸಾಕು. ಆದ್ದರಿಂದ ಹೊರಡುವವರು ಎಷ್ಟು ಹಣ ಕೊಟ್ಟಿದ್ದಾರೆ, ಅದನ್ನು ಎಲ್ಲಿಂದ ತಂದಿದ್ದಾರೆ ಎಂದು ಕೇಳುವುದು ಅವರ ಖಾಸಗಿ ವಿಷಯಕ್ಕೆ ಕೈಹಾಕಿದಂತಲ್ಲ. ಆ ಹಣಕ್ಕೆ ರಸೀದಿ ಕೇಳಿ ಪಡೆಯುವಂತೆ ಒತ್ತಾಯಿಸುವುದರಿಂದ, ಮುಂದೆ ದೂರು ಕೊಡಬೇಕಾಗಿ ಬಂದರೆ ಒಂದು ಸಾಕ್ಷ್ಯವಾದರೂ ಉಳಿಯುತ್ತದೆ.

ಪರಿಶೀಲನೆಯೆಲ್ಲ ಮುಗಿದು ಹೊರಡುವುದೇ ನಿಶ್ಚಯವಾದರೂ ಕೆಲವು ಸಣ್ಣ ವ್ಯವಸ್ಥೆಗಳು ಮುಖ್ಯ. ಪಾಸ್‌ಪೋರ್ಟ್, ವೀಸಾ, ಕರಾರು, ಟಿಕೆಟ್‌ಗಳ ಪ್ರತಿಯನ್ನು ನಂಬಿಕಸ್ಥರ ಬಳಿ ಬಿಡಬೇಕು. ಹೋಗುವ ದೇಶದಲ್ಲಿರುವ ತಮ್ಮ ರಾಯಭಾರ ಕಚೇರಿಯ ಸಂಖ್ಯೆಯನ್ನು ಫೋನಿನಲ್ಲಷ್ಟೇ ಇಡದೆ ಬಾಯಿಪಾಠ ಮಾಡಿಕೊಳ್ಳಬೇಕು, ಏಕೆಂದರೆ ಮೊದಲು ಕಿತ್ತುಕೊಳ್ಳುವುದು ಫೋನನ್ನೇ. ಪಕ್ಕದಲ್ಲಿ ಯಾರೋ ಕುಳಿತು ಕೇಳಿಸಿಕೊಳ್ಳುತ್ತಿರುವಾಗಲೂ ಅಪಾಯವನ್ನು ತಿಳಿಸಲು, ಮನೆಯವರಿಗಷ್ಟೇ ಅರ್ಥವಾಗುವ ಒಂದು ಸಾದಾ ಮಾತನ್ನು ಮೊದಲೇ ಗೊತ್ತುಮಾಡಿಕೊಳ್ಳಬಹುದು. ಇಂಥ ದಿನ ಕರೆ ಬರದಿದ್ದರೆ ಯಾರು ಯಾರಿಗೆ ತಿಳಿಸಬೇಕು ಎಂಬುದೂ ಮುಂಚಿತವಾಗಿ ನಿರ್ಧಾರವಾಗಿರಲಿ.

ಮಕ್ಕಳ ವಿಷಯದಲ್ಲಿ ಹೊರಡುವ ಮುನ್ನದ ಹೊತ್ತು ಇನ್ನೂ ಮೊದಲೇ ಶುರುವಾಗುತ್ತದೆ. ಮಗುವನ್ನು ಕಳ್ಳಸಾಗಣೆಗೆ ಸೆಳೆಯುವವರು ಅಪರಿಚಿತರೇ ಆಗಿರಬೇಕಿಲ್ಲ. ಬಂಧುಗಳು, ಪರಿಚಿತರು, ಪ್ರೀತಿಯ ಮಾತಾಡಿ ಹತ್ತಿರವಾದವರು ಈ ಪ್ರಕರಣಗಳಲ್ಲಿ ಧಾರಾಳವಾಗಿ ಸಿಗುತ್ತಾರೆ. ಅಂತರ್ಜಾಲದಲ್ಲಿ ಸ್ನೇಹ ಬೆಳೆಸಿ, ಒಂದು ಚಿತ್ರ ಕಳಿಸಿಕೊಂಡು, ಅದನ್ನೇ ಹಿಡಿದು ಬೆದರಿಸುವ ಕ್ರಮದಲ್ಲಿ ಮಗುವಿನ ಬಾಯಿ ಮುಚ್ಚಿಸುವುದು ಮನೆಯವರಿಗೆ ತಿಳಿದರೆ ಏನಾಗುವುದೋ ಎಂಬ ಭಯ. ಆ ಭಯ ಮಗುವಿನಲ್ಲಿ ಎಷ್ಟಿದೆ ಎಂಬುದು ಹಿರಿಯರು ಸಣ್ಣ ತಪ್ಪುಗಳಿಗೆ ಹೇಗೆ ಪ್ರತಿಕ್ರಿಯಿಸುತ್ತ ಬಂದಿದ್ದಾರೆ ಎಂಬುದರ ಮೇಲೆ ನಿಂತಿದೆ. ಶಾಲೆ ಬಿಟ್ಟ ಮಗು ಎಲ್ಲಿಗೆ ಹೋಯಿತು ಎಂದು ವಿಚಾರಿಸುವ ಶಿಕ್ಷಕರು ಕೂಡ, ತಮಗೇ ತಿಳಿಯದಂತೆ, ಈ ದಂಧೆಗೆ ದೊಡ್ಡ ಅಡ್ಡಿ.

ಇನ್ನು, ಈಗಾಗಲೇ ಸಿಲುಕಿರುವವರನ್ನು ಗುರುತಿಸುವುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಬಲವಂತದ ದುಡಿಮೆಯ ಹನ್ನೊಂದು ಸೂಚಕಗಳನ್ನು ಪಟ್ಟಿ ಮಾಡಿದೆ; ಗುರುತಿನ ದಾಖಲೆಗಳನ್ನು ಕಿತ್ತಿಟ್ಟುಕೊಳ್ಳುವುದು, ಸಂಬಳ ತಡೆಹಿಡಿಯುವುದು, ಓಡಾಟಕ್ಕೆ ನಿರ್ಬಂಧ ಹೇರುವುದು, ಹೊರಜಗತ್ತಿನಿಂದ ದೂರ ಇಡುವುದು, ಸಾಲದ ಜೀತ, ಬೆದರಿಕೆ, ಮಿತಿಮೀರಿದ ದುಡಿಮೆ ಅವುಗಳಲ್ಲಿ ಕೆಲವು. ದಿನನಿತ್ಯದ ಬದುಕಿನಲ್ಲಿ ಇವು ಸಣ್ಣ ಸಣ್ಣ ರೂಪದಲ್ಲಿ ಕಾಣಿಸುತ್ತವೆ. ಪಕ್ಕದ ಮನೆಯ ಕೆಲಸದಾಕೆ ಎಂದೂ ಒಬ್ಬಳೇ ಹೊರಗೆ ಬರುವುದಿಲ್ಲ. ಆಸ್ಪತ್ರೆಗೆ ಬಂದ ಕಾರ್ಮಿಕನಿಗೆ ಕೇಳಿದ ಪ್ರಶ್ನೆಗೆಲ್ಲ ಜೊತೆಗೆ ಬಂದವನೇ ಉತ್ತರಿಸುತ್ತಾನೆ, ಭಾಷಾಂತರವನ್ನೂ ತಾನೇ ಮಾಡುತ್ತೇನೆ ಎಂದು ಹಟ ಹಿಡಿಯುತ್ತಾನೆ. ಹಲವರ ಖಾತೆಗೆ ಬಿದ್ದ ಸಂಬಳವನ್ನು ಒಬ್ಬನೇ ವ್ಯಕ್ತಿ ಕಾರ್ಡುಗಳ ಕಟ್ಟು ಹಿಡಿದು ಬಂದು ತೆಗೆಯುತ್ತಾನೆ. ತಾನಿರುವ ಜಾಗದ ವಿಳಾಸವೇ ದುಡಿಯುವ ವ್ಯಕ್ತಿಗೆ ಗೊತ್ತಿರುವುದಿಲ್ಲ. ಇವುಗಳಲ್ಲಿ ಯಾವುದೋ ಒಂದು ಕಂಡ ಮಾತ್ರಕ್ಕೆ ಅದು ಕಳ್ಳಸಾಗಣೆ ಎಂದು ತೀರ್ಮಾನಿಸಲಾಗದು, ಹಲವು ಒಟ್ಟಿಗೆ ಕಂಡಾಗ ಕಡೆಗಣಿಸಿ ಹೋಗಲೂಬಾರದು.

ಸಂದೇಹ ಬಲವಾದಾಗ ಮಾಡಬೇಕಾದದ್ದು ಸರಳ, ಆದರೆ ಸಂಯಮ ಬೇಡುವಂಥದ್ದು. ಸ್ಥಳ, ದಿನ, ಸಮಯ, ವಾಹನದ ಸಂಖ್ಯೆ, ಕಂಡವರ ಚಹರೆ, ಕೇಳಿದ ಮಾತು ಇವನ್ನು ಕೂಡಲೇ ಬರೆದಿಟ್ಟುಕೊಂಡು, ತಕ್ಷಣದ ಅಪಾಯವಿದ್ದರೆ ಪೊಲೀಸರಿಗೆ, ಇಲ್ಲವಾದರೆ ಆ ದೇಶದ ಕಳ್ಳಸಾಗಣೆ ವಿರೋಧಿ ಸಹಾಯವಾಣಿಗೋ ಮಕ್ಕಳ ಸಹಾಯವಾಣಿಗೋ ತಿಳಿಸಬೇಕು. ಈ ಸಂಖ್ಯೆಗಳನ್ನು ಇಂದೇ ಫೋನಿನಲ್ಲಿ ಉಳಿಸಿಕೊಳ್ಳುವುದು ಒಳ್ಳೆಯದು. ಅಗತ್ಯ ಬಿದ್ದಾಗ ಹುಡುಕುತ್ತ ಕೂರುವಷ್ಟು ವ್ಯವಧಾನ ಇರುವುದಿಲ್ಲ. ಕಂಡದ್ದನ್ನು ಕಂಡಷ್ಟೇ ಹೇಳಬೇಕು, ಊಹೆಯನ್ನು ಊಹೆ ಎಂದೇ ಹೇಳಬೇಕು. ಶೋಷಕನನ್ನು ತಾನೇ ಎದುರಿಸಲು ಹೋದರೆ ಅದರ ಬೆಲೆ ತೆರಬೇಕಾದವರು ಒಳಗಿರುವವರು: ರಾತ್ರೋರಾತ್ರಿ ಅವರನ್ನು ಬೇರೆಡೆಗೆ ಸಾಗಿಸಬಹುದು, ಊರಿನಲ್ಲಿರುವ ಅವರ ಕುಟುಂಬಕ್ಕೆ ಬೆದರಿಕೆ ಹೋಗಬಹುದು. ಸಿಲುಕಿರುವ ವ್ಯಕ್ತಿಯೊಂದಿಗೆ ಸುರಕ್ಷಿತವಾಗಿ, ಒಂಟಿಯಾಗಿ ಮಾತನಾಡುವ ಅವಕಾಶ ಸಿಕ್ಕಿದರೆ, ನಿಮ್ಮ ಕಾಗದಪತ್ರ ಯಾರ ಬಳಿ ಇದೆ, ಬೇಡವೆನಿಸಿದರೆ ಕೆಲಸ ಬಿಟ್ಟು ಹೋಗಬಹುದೇ ಎಂದು ಮೆಲ್ಲಗೆ ಕೇಳಬಹುದು. ನಿಮ್ಮನ್ನು ಬಿಡಿಸುತ್ತೇನೆ ಎಂಬ ಮಾತು ಮಾತ್ರ ಕೊಡಬಾರದು, ಅದು ನಮ್ಮ ಕೈಯಲ್ಲಿಲ್ಲ. ವಯಸ್ಕರಾದರೆ ಅವರ ಇಷ್ಟವೇನು ಎಂದು ತಿಳಿಯುವುದೂ ಮುಖ್ಯ. ತಮ್ಮ ನಿರ್ಧಾರದಿಂದ ಒಂದು ಕೆಲಸದಲ್ಲಿರುವವರನ್ನು, ಆ ಕೆಲಸ ನಮಗೆ ಒಪ್ಪಿಗೆಯಿರಲಿ ಇಲ್ಲದಿರಲಿ, ಬಲವಂತದಿಂದ ಎತ್ತಿಕೊಂಡು ಹೋಗಿ ಇನ್ನೊಂದು ಮುಚ್ಚಿದ ಕಟ್ಟಡದಲ್ಲಿ ಇರಿಸುವುದನ್ನು ರಕ್ಷಣೆ ಎನ್ನಲಾಗದು.

ಚಿತ್ರ ತೆಗೆದು ಸಾಮಾಜಿಕ ಜಾಲತಾಣಕ್ಕೆ ಹಾಕುವ ಪ್ರವೃತ್ತಿಯ ಬಗ್ಗೆ ಕಟುವಾಗಿಯೇ ಹೇಳಬೇಕಾಗಿದೆ. 2018ರಲ್ಲಿ ಭಾರತದ ಹಲವು ಕಡೆ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್ಆ್ಯಪ್ ಸಂದೇಶಗಳನ್ನು ನಂಬಿದ ಗುಂಪುಗಳು ಅಮಾಯಕರನ್ನು ಹೊಡೆದು ಕೊಂದವು. ಅದೇ ವರ್ಷದ ಆಗಸ್ಟ್‌ನಲ್ಲಿ ಮೆಕ್ಸಿಕೊದ ಅಕಾಟ್ಲಾನ್ ಎಂಬ ಊರಿನಲ್ಲಿ ಅಂಥದೇ ವದಂತಿಗೆ ಇಬ್ಬರು ಬಲಿಯಾದರು. 2020ರ ಜುಲೈಯಲ್ಲಿ ಅಮೆರಿಕದ ಪೀಠೋಪಕರಣ ಮಾರಾಟ ಜಾಲತಾಣವೊಂದು ಕಪಾಟುಗಳ ಹೆಸರಿನಲ್ಲಿ ಮಕ್ಕಳನ್ನು ಮಾರುತ್ತಿದೆ ಎಂಬ ಬುಡವಿಲ್ಲದ ಸುದ್ದಿ ಹರಡಿದಾಗ, ಆ ದೇಶದ ಸಹಾಯವಾಣಿಯನ್ನು ನಡೆಸುತ್ತಿದ್ದ ಪೊಲಾರಿಸ್ ಸಂಸ್ಥೆಗೆ ಕರೆಗಳ ಮಹಾಪೂರವೇ ಬಂತು. ಇದರಿಂದ ನಿಜವಾಗಿ ನೆರವು ಬೇಕಾದವರಿಗೆ ಗಮನ ಕೊಡುವುದು ಕಷ್ಟವಾಗಿದೆ ಎಂದು ಆ ಸಂಸ್ಥೆ ಬಹಿರಂಗವಾಗಿ ಹೇಳಬೇಕಾಯಿತು. ವದಂತಿಯನ್ನು ಮುಂದಕ್ಕೆ ಕಳಿಸದೆ ನಿಲ್ಲಿಸುವುದೂ ಈ ಹೋರಾಟದ ಒಂದು ಕೆಲಸ.

ಅಂತರ್ಜಾಲದಲ್ಲಿ ಉಪಯುಕ್ತವಾಗಿ ಏನಾದರೂ ಮಾಡಬೇಕೆನ್ನುವವರಿಗೆ ಬೇರೆ ದಾರಿಗಳಿವೆ. ಐರೋಪ್ಯ ಒಕ್ಕೂಟದ ಪೊಲೀಸ್ ಸಂಸ್ಥೆಯಾದ ಯುರೋಪೋಲ್ 2017ರಿಂದ, ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳ ಹಿನ್ನೆಲೆಯಲ್ಲಿ ಕಾಣುವ ವಸ್ತುಗಳನ್ನು, ಉದಾಹರಣೆಗೆ ಒಂದು ಚೀಲವನ್ನೋ ಬಟ್ಟೆಯನ್ನೋ, ಮಾತ್ರ ಕತ್ತರಿಸಿ ಸಾರ್ವಜನಿಕರ ಮುಂದಿಟ್ಟು, ಇದು ಯಾವ ದೇಶದ್ದು, ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದೆ. ತನಿಖಾಧಿಕಾರಿಗೆ ಅರ್ಥವಾಗದ ಒಂದು ಬಟ್ಟೆಯ ವಿನ್ಯಾಸ ಆ ನಾಡಿನವರಿಗೆ ನೋಡಿದ ಕೂಡಲೇ ತಿಳಿಯುತ್ತದೆ. ಹೆಚ್ಚು ಪ್ರಯಾಣ ಮಾಡುವವರು 2016ರಲ್ಲಿ ಅಮೆರಿಕದಲ್ಲಿ ಶುರುವಾದ ಟ್ರಾಫಿಕ್‌ಕ್ಯಾಮ್ ಎಂಬ ಆ್ಯಪ್‌ಗೆ ತಾವು ತಂಗಿದ ಹೋಟೆಲ್ ಕೋಣೆಯ ಚಿತ್ರಗಳನ್ನು ಕೊಡಬಹುದು. ಶೋಷಕರು ಜಾಹೀರಾತಿಗಾಗಿ ತೆಗೆದ ಚಿತ್ರದ ಹಿನ್ನೆಲೆಯಲ್ಲಿರುವ ಕೋಣೆ ಯಾವುದೆಂದು ಪತ್ತೆ ಹಚ್ಚಲು ಆ ಸಂಗ್ರಹ ನೆರವಾಗುತ್ತದೆ.

ಕೊಳ್ಳುವವರಾಗಿ ನಮ್ಮ ಪಾಲಿನ ಹೊಣೆ ಅಷ್ಟು ಸರಳವಲ್ಲ. 2015ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ವರದಿಗಾರರು ಇಂಡೋನೇಷ್ಯಾದ ದೂರದ ದ್ವೀಪವೊಂದರ ಬೆಂಜಿನಾ ಎಂಬ ಊರಿನಲ್ಲಿ ಮೀನುಗಾರರನ್ನು ಪಂಜರದಲ್ಲಿ ಕೂಡಿಹಾಕಿದ್ದನ್ನು ಕಂಡರು. ಅವರು ಹಿಡಿದ ಮೀನು ಥಾಯ್ಲೆಂಡ್ ಮೂಲಕ ಅಮೆರಿಕದ ಅಂಗಡಿಗಳನ್ನು ತಲುಪುತ್ತಿದ್ದುದನ್ನು ಹಡಗು, ಲಾರಿಗಳ ಬೆನ್ನುಹತ್ತಿ ದಾಖಲಿಸಿದರು. ಆ ತನಿಖೆಯಿಂದ 2,000ಕ್ಕೂ ಹೆಚ್ಚು ಮಂದಿ ಬಿಡುಗಡೆಯಾದರು. ಮೀನು ಕೊಂಡವರಿಗೆ ಇದು ತಿಳಿಯುವ ಸಾಧ್ಯತೆಯೇ ಇರಲಿಲ್ಲ. ಆದ್ದರಿಂದ ಒಬ್ಬ ಗ್ರಾಹಕ ಒಂದು ವಸ್ತುವನ್ನು ಬಿಟ್ಟುಬಿಡುವುದರಿಂದ ಆಗುವ ಪರಿಣಾಮ ಅಲ್ಪ; ಕಂಪನಿಗಳು ತಮ್ಮ ಪೂರೈಕೆ ಸರಪಳಿಯ ಬಗ್ಗೆ ಉತ್ತರಿಸಲೇಬೇಕೆಂಬ ಕಾನೂನಿಗಾಗಿ ಒತ್ತಾಯಿಸುವುದು ಹೆಚ್ಚು ಫಲ ಕೊಡುತ್ತದೆ. ಕ್ಯಾಲಿಫೋರ್ನಿಯಾ 2010ರಲ್ಲಿ, ಬ್ರಿಟನ್ 2015ರಲ್ಲಿ, ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯಾ 2018ರಲ್ಲಿ ಇಂಥ ಕಾನೂನುಗಳನ್ನು ತಂದವು. ವರದಿ ಪ್ರಕಟಿಸಿದರೆ ಸಾಕೆನ್ನುವ ಕಾನೂನಿಗಿಂತ, ಹಾನಿಯನ್ನು ತಡೆಯದಿದ್ದರೆ ಹೊಣೆ ಹೊರಿಸುವ ಫ್ರಾನ್ಸಿನ ಮಾದರಿ ಮೇಲು ಎಂಬುದು ನನ್ನ ಅಭಿಪ್ರಾಯ. ಕಂಪನಿಗೆ ಪತ್ರ ಬರೆಯುವವರು ಕೇಳಬೇಕಾದ ಪ್ರಶ್ನೆಗಳು ಖಚಿತವಾಗಿರಲಿ: ನಿಮ್ಮ ಪೂರೈಕೆದಾರರ ಪಟ್ಟಿ ಪ್ರಕಟವಾಗಿದೆಯೇ, ಅಲ್ಲಿನ ವಲಸೆ ಕಾರ್ಮಿಕರ ನೇಮಕಾತಿ ಶುಲ್ಕವನ್ನು ಯಾರು ತೆತ್ತಿದ್ದಾರೆ?

ಇದಕ್ಕಿಂತಲೂ ಹತ್ತಿರದ ಪ್ರಶ್ನೆಯೊಂದಿದೆ. ಮನೆಗೆಲಸಕ್ಕೆ ಜನರನ್ನು ಇಟ್ಟುಕೊಂಡವರು ಅವರ ಗುರುತಿನ ಚೀಟಿಯನ್ನು ತಮ್ಮ ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆಯೇ, ವಾರಕ್ಕೊಂದು ದಿನ ರಜೆ ಕೊಡುತ್ತಾರೆಯೇ, ಸಂಬಳವನ್ನು ಅವರ ಕೈಗೇ ಕೊಡುತ್ತಾರೆಯೇ, ಅವರನ್ನು ಕಳಿಸಿದ ಏಜೆಂಟ್ ಅವರಿಂದ ಏನು ಪಡೆದಿದ್ದಾನೆ ಎಂದು ಎಂದಾದರೂ ಕೇಳಿದ್ದಾರೆಯೇ? ಮನೆಗೆಲಸದವರ ಹಕ್ಕುಗಳ ಬಗ್ಗೆ 2011ರಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 189ನೇ ಒಡಂಬಡಿಕೆ, ವಾರಕ್ಕೆ ಸತತ 24 ಗಂಟೆಗಳ ವಿರಾಮವನ್ನೂ ತಮ್ಮ ದಾಖಲೆಗಳನ್ನು ತಾವೇ ಇಟ್ಟುಕೊಳ್ಳುವ ಹಕ್ಕನ್ನೂ ಸ್ಪಷ್ಟವಾಗಿ ಹೇಳುತ್ತದೆ. ಜಾಗೃತಿ ಮೆರವಣಿಗೆಯಲ್ಲಿ ನಡೆಯುವುದಕ್ಕಿಂತ ಮೊದಲು ಈ ಪ್ರಶ್ನೆಗಳಿಗೆ ಮನೆಯೊಳಗೆ ಉತ್ತರ ಕೊಟ್ಟುಕೊಳ್ಳಬೇಕು.

ದಾನ ಮಾಡುವಾಗಲೂ ವಿಚಾರಿಸಬೇಕು. ಕಾಂಬೋಡಿಯಾದ ಅನಾಥಾಲಯಗಳಲ್ಲಿದ್ದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ತಂದೆ ಅಥವಾ ತಾಯಿ ಬದುಕಿದ್ದರು ಎಂಬುದು ಅಧ್ಯಯನಗಳಿಂದ ತಿಳಿದುಬಂತು. ವಿದೇಶಿ ದಾನಿಗಳ, ಸ್ವಯಂಸೇವಕರ ಹಣ ಬರುವ ಕಡೆ ಮಕ್ಕಳನ್ನು ತುಂಬಿಸಿಕೊಳ್ಳುವುದೇ ವ್ಯವಹಾರವಾಗುತ್ತದೆ. ಮಗುವನ್ನು ಕುಟುಂಬದಲ್ಲೇ ಉಳಿಸಲು ನೆರವಾಗುವ ಸಂಸ್ಥೆಗಳಿಗೆ ಕೊಟ್ಟ ಹಣ ಕಳ್ಳಸಾಗಣೆಯನ್ನು ಬುಡದಲ್ಲೇ ತಡೆಯುತ್ತದೆ.

ಮರಳಿ ಬಂದವರ ವಿಷಯ ಸುದ್ದಿಯಾಗುವುದು ಕಡಿಮೆ. ಬಿಡುಗಡೆಯ ಚಿತ್ರ ಪತ್ರಿಕೆಯಲ್ಲಿ ಬಂದು ಹೋದ ಮೇಲೆ ಆ ವ್ಯಕ್ತಿ ಮನೆಗೆ ಮರಳುತ್ತಾರೆ, ಅಲ್ಲಿ ಹೊರಟಾಗ ಮಾಡಿದ ಸಾಲ ಬಡ್ಡಿಯೊಂದಿಗೆ ಕಾದಿರುತ್ತದೆ. ಸಂಪಾದಿಸಲು ಹೋಗಿ ಬರಿಗೈಯಲ್ಲಿ ಬಂದ ಎಂಬ ಮಾತು, ಹೆಣ್ಣಾದರೆ ಅದಕ್ಕಿಂತ ಕ್ರೂರವಾದ ಮಾತುಗಳು, ಮದುವೆಯ ಪ್ರಶ್ನೆ, ನಿದ್ದೆ ಬಾರದ ರಾತ್ರಿಗಳು. ಕೆಲವರ ಮೇಲೆ ಶೋಷಕರು ಬಲವಂತದಿಂದ ಮಾಡಿಸಿದ ಕೃತ್ಯಗಳಿಗೇ ಮೊಕದ್ದಮೆ ಇರುತ್ತದೆ. ಹಾಗೆ ಶಿಕ್ಷೆಗೊಳಗಾದವರ ದಾಖಲೆಯನ್ನು ರದ್ದುಪಡಿಸಲು ಅಮೆರಿಕದ ರಾಜ್ಯಗಳಲ್ಲಿ ಮೊದಲಿಗೆ ನ್ಯೂಯಾರ್ಕ್ 2010ರಲ್ಲಿ ಅವಕಾಶ ಕೊಟ್ಟಿತು. ವಕೀಲರಾಗಿರುವವರು ಇಂಥ ಪ್ರಕರಣಗಳಲ್ಲಿ ಶುಲ್ಕವಿಲ್ಲದೆ ವಾದಿಸಬಹುದು. ಎರಡು ಭಾಷೆ ಬಲ್ಲವರು, ಮರಳಿ ಬಂದವರು ಹೇಳಿಕೆ ಕೊಡುವ ಹೊತ್ತಿನಲ್ಲಿ, ಅವರ ಪಕ್ಕದಲ್ಲಿ ಕುಳಿತು ಭಾಷಾಂತರಿಸಬಹುದು.

ಉಳಿದವರು ಮಾಡಬಹುದಾದದ್ದೂ ಕಡಿಮೆಯೇನಲ್ಲ. ಮರಳಿ ಬಂದವರಿಗೆ ಬಾಡಿಗೆ ಮನೆ ಕೊಡುವುದು, ಬ್ಯಾಂಕ್ ಖಾತೆ ತೆರೆಯಲು ಹಾಗೂ ಕಳೆದ ದಾಖಲೆಗಳನ್ನು ಮತ್ತೆ ಮಾಡಿಸಲು ಕಚೇರಿಗೆ ಜೊತೆಯಾಗಿ ಹೋಗುವುದು, ಎಲ್ಲಕ್ಕಿಂತ ಮಿಗಿಲಾಗಿ ಒಂದು ಖಾಯಂ ಕೆಲಸ ಕೊಡುವುದು, ಅದೂ ಉಳಿದವರಿಗಿರುವ ಸಂಬಳದಲ್ಲೇ. ನಡೆದದ್ದನ್ನು ಹೇಳು ಎಂದು ಕೇಳಬಾರದು. ಹೇಳಬೇಕೆನಿಸಿದ ದಿನ ಅವರೇ ಹೇಳುತ್ತಾರೆ. ಸಭೆಗಳಿಗೆ ಕರೆದು ಅನುಭವ ಹೇಳಿಸುವ ಸಂಘಟಕರು ಮೊದಲೇ ಒಪ್ಪಿಗೆ ಪಡೆದು, ಉಳಿದ ಭಾಷಣಕಾರರಿಗೆ ಕೊಡುವಂತೆ ಅವರಿಗೂ ಗೌರವಧನ ಕೊಡಬೇಕು, ಚಿತ್ರ ಬೇಡವೆಂದರೆ ತೆಗೆಯಬಾರದು. ಸಾಲ ತೀರದೆ ಉಳಿದರೆ ಅದೇ ಏಜೆಂಟನೋ ಅವನಂಥ ಇನ್ನೊಬ್ಬನೋ ಮತ್ತೆ ಬಂದು ಕೂರುತ್ತಾನೆ, ಈ ಸಲ ಖಂಡಿತ ಒಳ್ಳೆಯ ಕೆಲಸ ಎನ್ನುತ್ತಾನೆ, ಮತ್ತು ಬೇರೆ ದಾರಿ ಕಾಣದವರು ಮತ್ತೆ ಹೊರಡುತ್ತಾರೆ. ಆ ಸಾಲವನ್ನು ಕಡಿಮೆ ಬಡ್ಡಿಯ ಸಾಲವಾಗಿ ಬದಲಾಯಿಸಿಕೊಡುವ ಸಹಕಾರ ಸಂಘ, ಸ್ವಸಹಾಯ ಗುಂಪು ಅಥವಾ ಉದ್ಯೋಗದಾತರು ಅವನ ಮಾತಿಗಿಂತ ಮೊದಲು ಆ ಮನೆಯನ್ನು ತಲುಪಬೇಕು.